ಬಂಪರ್ ಹಿಂದಿನ ಪಂಪ್

ಶೆಡ್ಡಿನಿಂದ,
ಶನಿವಾರ, ಊಟವಾದ ಮೇಲೆ

ಇನ್ನೂ ನನ್ನ ಗಂಡ ಎನಿಸಿಕೊಂಡಿರುವ ನಿಮಗೆ,

ನಮಸ್ಕಾರ. ನಿಂತಿದ್ದರೆ ಎಲ್ಲಾದರೂ ಕೂತುಕೊಂಡು ಓದಿ.

ನಾನು ಚೆನ್ನಾಗಿದ್ದೇನೆ. ನಿಮ್ಮ ಅಮ್ಮನೂ ಚೆನ್ನಾಗಿದ್ದಾರೆ, ಮೊಣಕಾಲು ನೋವು ಸ್ವಲ್ಪ ಇಳಿದಿದೆ. ಮನೆ ಬಿಟ್ಟು ಹೋಗುವಾಗ ನೀವು ಅವರನ್ನು ಕರೆದುಕೊಂಡು ಹೋಗಲು ಮರೆತಿರಿ, ಅವರೂ ಬರಲು ಮರೆತರು. ಹಾಗಾಗಿ ಅತ್ತೆ ಸೊಸೆ ಇಬ್ಬರೂ ಟೀವಿ ರಿಮೋಟಿಗೆ ಮಾತ್ರ ಜಗಳವಾಡಿಕೊಂಡು ಆರಾಮಾಗಿದ್ದೇವೆ. ನೀವು ಯಾವಾಗಲೂ ಕೂರುತ್ತಿದ್ದ ಕುರ್ಚಿಯ ಮೇಲೆ ಈಗ ಒಗೆದ ಬಟ್ಟೆ ಮಡಚಿಡುತ್ತೇವೆ. ಅದಕ್ಕೆ ಅದೇ ಸರಿಯಾದ ಕೆಲಸ ಅಂತ ಇಬ್ಬರಿಗೂ ಅನಿಸಿದೆ.

ನಿಮ್ಮ ಆಹ್ವಾನ ಪತ್ರಿಕೆ ಬಂತು. ಮಿರಿಮಿರಿ ಮಿಂಚುವ ಕಾಗದ, ಹೋಗುವಾಗ ನೀವು ಒಯ್ದ ನಮ್ಮ ನೀಲಿ ಪಂದ್ಯದ ಕಾರಿನ ಚಿತ್ರ, ಅದರ ಮುಂದೆ ಕೈಕಟ್ಟಿ ನಿಂತ ನೀವು. ಭಾನುವಾರ ಬೆಳಿಗ್ಗೆ ಪಂದ್ಯ ನಡೆಯುವ ಹಳೆಯ ವಿಮಾನದ ರನ್‌ವೇಯಲ್ಲಿ, ಎಲ್ಲರ ಕಣ್ಣೆದುರೇ ನೀಲಿ ಕಾರಿನ ಬಂಪರ್ ಬಿಚ್ಚಿ, ಅದನ್ನು ಇಷ್ಟು ಪಂದ್ಯಗಳಲ್ಲಿ ಗೆಲ್ಲಿಸಿದ ಚಿನ್ನದ ಬಣ್ಣದ ಪಂಪನ್ನು ತೋರಿಸುತ್ತೀರಂತೆ. ನೋಡಿದವರು ಅಲ್ಲೇ ಬುಕ್ ಮಾಡಬಹುದಂತೆ. ಆ ಪಂಪ್ ತರಿಸುವ ಆಮದುದಾರ ನಿಮಗೆ ಗಾಜಿನ ಷೋರೂಮ್ ಹಾಕಿಕೊಟ್ಟದ್ದು ಯಾಕೆ ಅಂತ ಈಗ ಅರ್ಥವಾಯಿತು.

ಮಾರಿಕೊಳ್ಳಿ, ನನಗೇನೂ ಇಲ್ಲ. ಆದರೆ ನೀವು ಶೆಡ್ಡಿನ ಮಾಲೀಕರಾದ ನಮ್ಮ ಡ್ರಿಲ್ ಮಾಸ್ತರರನ್ನೂ ಕರೆದಿದ್ದೀರಿ. ಅವರು ಮೊನ್ನೆ ಕೋಲು ಊರಿಕೊಂಡು ಬಂದು, ನಾನು ಕೊಟ್ಟ ಕುರ್ಚಿಯಲ್ಲಿ ಕೂತು, ನೀವು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. "ಅವಳೇನ್ ಮಾಡ್ತಿದ್ಲು ಸಾರ್, ನೀರು ಹಾಕ್ತಿದ್ಲು ಅಷ್ಟೇ. ತಲೆ ಎಲ್ಲಾ ನಂದು" ಅಂದಿರಂತೆ. ನಾವಿಬ್ಬರೂ ಕಾರು ರಿಪೇರಿ ಮಾಡುತ್ತಿದ್ದ ಈ ಶೆಡ್ಡಿನ ಬಾಡಿಗೆ ಕರಾರು ಈ ತಿಂಗಳು ಮುಗಿಯುತ್ತದೆ, ಇನ್ನು ಮುಂದೆ ಅದನ್ನು ನಿಮ್ಮೊಬ್ಬರ ಹೆಸರಿಗೇ ಬರೆದುಕೊಡಬೇಕು ಅಂತಲೂ ಕೇಳಿದಿರಂತೆ. ಮಾಸ್ತರರು ನ್ಯಾಯವಂತರು. "ನಂಗೆ ಈ ಮಿಷಿನ್ನು ಗಿಷಿನ್ನು ತಿಳಿಯಲ್ಲ ಕಣಮ್ಮ. ಭಾನುವಾರ ಬಂದು ನೋಡ್ತೀನಿ. ಆ ಕಾರು ಯಾರ ಕೈಕೆಲಸವೋ ಶೆಡ್ಡು ಅವರಿಗೆ" ಅಂದು ನೀರು ಕುಡಿದು ಎದ್ದರು.

ನೀವು ಮನೆ ಬಿಟ್ಟಾಗ ನಾನು ಅತ್ತಿದ್ದೆ. ಅತ್ತು ಮುಖ ತೊಳೆದುಕೊಂಡು ಕೆಲಸಕ್ಕೆ ಬಂದೆ. ಆದರೆ ಈ ಮಾತು ಕೇಳಿದಾಗ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಈ ಶೆಡ್ಡು ಹೋದರೆ ನನಗೆ ಬೇರೆ ಜಾಗವಿಲ್ಲ, ಬೇರೆ ಕೆಲಸ ಬರುವುದಿಲ್ಲ. ಅದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಕೇಳಿದ್ದೀರಿ.

ನೀರು ಹಾಕುತ್ತಿದ್ದೆ, ನಿಜ. ಯಾಕೆ ಹಾಕುತ್ತಿದ್ದೆ ಅಂತ ಮಾಸ್ತರರು ಕೇಳಿದರು. ನಿಮಗೆ ಹೇಳಿಕೊಟ್ಟಷ್ಟು ಕಷ್ಟವಾಗಲಿಲ್ಲ. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುರುಕುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಒಳಗೆ ಹೋದರೆ ಕಾರಿನ ಕಂಪ್ಯೂಟರು ಹೆದರಿ ಶಕ್ತಿ ಇಳಿಸಿಬಿಡುತ್ತದೆ. ಅದಕ್ಕೇ ನಡುವೆ ಇಂಟರ್‌ಕೂಲರ್ ಇರುವುದು. ಅದರೊಳಗಿನ ನೀರು ಗಾಳಿಯ ಕಾವನ್ನು ತಾನು ಹೀರಿಕೊಂಡು, ಮೂತಿಯ ಹತ್ತಿರವಿರುವ ರೇಡಿಯೇಟರಿಗೆ ಹೋಗಿ ತಣ್ಣಗಾಗಿ, ಮತ್ತೆ ಬರುತ್ತದೆ. ಹೀಗೆ ಅದನ್ನು ಸುತ್ತಿಸುವುದು ಅಂಗೈಯಲ್ಲಿ ಹಿಡಿಸುವ ಒಂದು ಪಂಪ್. ಇಷ್ಟು ಕೇಳಿ ಮಾಸ್ತರರು, "ಹಾಗಾದ್ರೆ ನೀರು ನಿಂತ್ರೆ ಕಾರೂ ನಿಂತ ಹಾಗೆ ಅನ್ನು" ಅಂದರು. ನಿಮಗಿಂತ ಬೇಗ ಹಿಡಿದರು.

ಈಗ ಆ ಚಿನ್ನದ ಪಂಪಿನ ವಿಷಯಕ್ಕೆ ಬರೋಣ. ನೀವು ಅದನ್ನು ತಂದ ದಿನ ನೆನಪಿದೆಯೇ? ಡಬ್ಬಿಯೊಳಗೆ ಮಖಮಲ್ಲು ಬೇರೆ. ಶೆಡ್ಡಿನ ಬಾಗಿಲಲ್ಲಿ ಗೆಳೆಯರನ್ನೆಲ್ಲ ಸೇರಿಸಿ, ಬಕೆಟ್ಟಿನಲ್ಲಿ ಪಂಪ್ ಇಟ್ಟು, ಕೊಳವೆಯ ತುದಿಯನ್ನು ಕೈಯಲ್ಲಿ ಹಿಡಿದುಕೊಂಡಿರಿ. ಇನ್ನೊಂದು ಬಕೆಟ್ಟು ಕಣ್ಣು ಮುಚ್ಚಿ ತೆರೆಯುವುದರೊಳಗೆ ತುಂಬಿ ನಿಮ್ಮ ಪ್ಯಾಂಟೆಲ್ಲ ಒದ್ದೆಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನೀವು ಆಗಲೇ ಊರಿಗೆಲ್ಲ ಫೋನು ಮಾಡಿ, ಮುಂದಿನ ಪಂದ್ಯಕ್ಕೆ ಇದೇ ಪಂಪ್ ಅಂತ ಸಾರಿಬಿಟ್ಟಿರಿ.

ನೀವು ಬ್ಯಾನರ್ ಬರೆಸಲು ಹೋದಿರಿ. ನಾನು ಕಾರಿನ ರೇಡಿಯೇಟರನ್ನೂ ಇಂಟರ್‌ಕೂಲರನ್ನೂ ಮೇಜಿನ ಮೇಲೆ ಹರಡಿ, ಕಾರಿನಲ್ಲಿ ಇರುವಂತೆಯೇ ಕೊಳವೆಗಳನ್ನು ಸೇರಿಸಿ, ಪಂಪುಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಯಾವ ಕಾರಿನಲ್ಲೂ ಪಂಪು ಬಕೆಟ್ಟಿಗೆ ನೀರು ಸುರಿಯುವುದಿಲ್ಲ, ಇಕ್ಕಟ್ಟಾದ ಸಂದುಗಳಲ್ಲಿ ನೂಕಬೇಕು. ನಿಮ್ಮ ಚಿನ್ನದ್ದು ಅಲ್ಲಿ ಏದುಸಿರು ಬಿಟ್ಟಿತು. ಕಾರಿನ ಜೊತೆಗೇ ಬಂದಿದ್ದ ಮೂಲ ಪಂಪಿಗಿಂತ ಕೂದಲೆಳೆಯಷ್ಟು ಮುಂದೆ, ಅಷ್ಟೇ. ಆಮೇಲೆ ಗುಜರಿಯವನ ಮೂಲೆಯಲ್ಲಿ ಸಿಕ್ಕಿದ್ದ ಕರಿಯ ಪಂಪೊಂದನ್ನು ಹಾಕಿದೆ. ಅದಕ್ಕೆ ಡಬ್ಬಿಯಿಲ್ಲ, ಹೆಸರಿಲ್ಲ. ಬಕೆಟ್ಟಿನ ಪರೀಕ್ಷೆಗೆ ಇಟ್ಟಿದ್ದರೆ ನೀವು ಅದನ್ನು ನೋಡಿ ಮೂಗು ಮುರಿಯುತ್ತಿದ್ದಿರಿ. ಇಕ್ಕಟ್ಟಿನಲ್ಲಿ ಮಾತ್ರ ಅದು ಒಂದಿಷ್ಟೂ ಸೋಲಲಿಲ್ಲ. ಎದುರು ಯಾರೂ ಇಲ್ಲದಿದ್ದಾಗ ಅಬ್ಬರಿಸಿ, ತಡೆ ಬಂದಾಗ ಸುಸ್ತಾಗುವ ಗುಣ ಯಾರದು ಅಂತ ಆ ದಿನ ನನಗೆ ಹೊಳೆಯಲಿಲ್ಲ. ಆಗ ನಿಮ್ಮ ಮೇಲೆ ನನಗೆ ಪ್ರೀತಿ ಇತ್ತು.

ಆ ಪ್ರೀತಿಯಿಂದಲೇ ಹೇಳದೆ ಸುಮ್ಮನಾದೆ. ಅಷ್ಟು ಜನರ ಮುಂದೆ ಆಡಿದ ನಿಮ್ಮ ಮಾತು ಬೀಳಬಾರದು ಅಂತ, ಕರಿಯ ಪಂಪನ್ನು ಕೂರಿಸಿ ಬಂಪರ್ ಮುಚ್ಚಿದೆ. ಬಂಪರ್ ಬಿಚ್ಚುವುದು, ಮುಚ್ಚುವುದು ಯಾವತ್ತೂ ನನ್ನ ಕೆಲಸವೇ ತಾನೆ? ಬಣ್ಣಕ್ಕೆ ಗೀರು ಬಿದ್ದೀತು ಅಂತ ನೀವು ಅದನ್ನು ಮುಟ್ಟುತ್ತಿರಲಿಲ್ಲ. ಕಾರಿನ ಮೂತಿ ಎತ್ತಿ ನಿಲ್ಲಿಸಿ, ಕೊಳವೆಗಳನ್ನು ಹಿಚುಕಿ ಹಿಚುಕಿ, ಒಳಗಿನ ಗುಳುಗುಳು ನಿಲ್ಲುವವರೆಗೂ ಗಾಳಿ ತೆಗೆದೆ. ನಿಮ್ಮ ಭಾಷೆಯಲ್ಲಿ, ನೀರು ಹಾಕಿದೆ. ಕರಿಯದು ಕಾರಿನ ಚೌಕಟ್ಟಿಗೆ ತಗುಲಿ ಗುಂಯ್ ಅನ್ನುತ್ತಿತ್ತು. ನಿಮ್ಮ ಕಿವಿ ಬಲು ಚುರುಕು, ಗೊತ್ತಾಗಿಬಿಡುತ್ತದೆ ಅಂತ ಅದರ ಕೆಳಗೆ ಮೆತ್ತನೆಯದು ಏನೋ ಒಂದನ್ನು ಇಟ್ಟೆ. ಸದ್ದು ಅಡಗಿತು.

ಅದೇ ಸಂಜೆ ಮನೆಯಲ್ಲಿ ನನ್ನ ಒಂದು ರಬ್ಬರ್ ಚಪ್ಪಲಿ ಕಾಣೆಯಾಗಿ ನೀವು ರಂಪ ಮಾಡಿದಿರಿ. ಹುಟ್ಟಿದಹಬ್ಬಕ್ಕೆ ನೀವೇ ತಂದುಕೊಟ್ಟಿದ್ದು, ಗಿಳಿಹಸಿರು ಬಣ್ಣ, ಅಡಿಯಲ್ಲಿ ಕಿತ್ತಳೆ ಹೂವುಗಳು. ಅಂಥ ಜೋಡಿ ಇಡೀ ಬೀದಿಯಲ್ಲಿ ಇನ್ನೊಬ್ಬರ ಕಾಲಲ್ಲಿರಲಿಲ್ಲ, ಇರುವುದೂ ಬೇಡ. ಪಕ್ಕದ ಮನೆಯ ನಾಯಿಯೇ ಕಚ್ಚಿಕೊಂಡು ಹೋಯಿತು ಅಂತ ಗೋಡೆಯಾಚೆ ನಿಂತು ಅದಕ್ಕೆ ಬೈದಿರಿ. ಪಾಪ, ಆ ನಾಯಿ ಬಾಲ ಅಲ್ಲಾಡಿಸಿಕೊಂಡು ಕೇಳಿತು.

ಆಮೇಲೆ ಕಾರು ಗೆದ್ದದ್ದೇ ಗೆದ್ದದ್ದು. ಬೇರೆಯವರ ಕಾರುಗಳು ಎರಡು ಸುತ್ತಿಗೇ ಕಾದು ಮಂಕಾಗುತ್ತಿದ್ದವು, ನಮ್ಮದು ಕೊನೆಯ ಸುತ್ತಿನಲ್ಲೂ ಮೊದಲಿನ ಹಾಗೇ ಚಿಮ್ಮುತ್ತಿತ್ತು. ನೀವು ಮೈಕು ಹಿಡಿದು ಚಿನ್ನದ ಪಂಪನ್ನು ಹೊಗಳುತ್ತಿದ್ದಿರಿ. ನಾನು ಹಿಂದೆ ನಿಂತು ಕೈ ಒರೆಸಿಕೊಳ್ಳುತ್ತಾ ಒಳಗೊಳಗೇ ನಗುತ್ತಿದ್ದೆ. ನನ್ನ ಗಂಡ, ನನ್ನ ಗುಟ್ಟು. ಅಷ್ಟರಲ್ಲೇ ನನಗೆ ತೃಪ್ತಿಯಿತ್ತು.

ನೀವು ಹೋದ ಮೇಲೆ ನಿಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಇಲ್ಲಿಗೆ ಬರತೊಡಗಿದರು. ಕೆಂಪು ಕಾರಿನ ಹಲ್ಲಿನ ಡಾಕ್ಟರು ಮೊದಲು ಬಂದವರು. ಚಿನ್ನದ ಪಂಪ್ ಹಾಕಿಸಿಕೊಂಡ ಮೇಲೂ ಕಾರು ಕಾಯುತ್ತದೆ ಅಂತ ಕೇಳಿದ್ದಕ್ಕೆ ನೀವು, ಓಡಿಸುವ ಕೈ ಸರಿಯಿಲ್ಲ ಅಂದಿರಂತೆ. ಬಿಚ್ಚಿ ನೋಡಿದರೆ ಕೊಳವೆಗಳ ತುಂಬ ಗಾಳಿ. ಪಂಪನ್ನು ನೀರಿನ ಡಬ್ಬಿಗಿಂತ ಮೇಲೆ ಕೂರಿಸಿದ್ದೀರಿ, ಜಾಲರಿಯ ಹಿಂದಿನಿಂದ ಚಿನ್ನದ ಬಣ್ಣ ಕಾಣಲಿ ಅಂತ! ನೀರು ಹಾಕುವವಳು ಇಲ್ಲದಿದ್ದರೆ ಹೀಗೇ ಆಗುವುದು. ಗುಜರಿಯಿಂದ ಅಂಥದ್ದೇ ಇನ್ನೊಂದು ಕರಿಯ ಪಂಪ್ ತಂದು ಕೆಳಗೆ ಕೂರಿಸಿ, ಗಾಳಿ ತೆಗೆದು ಕಳಿಸಿದೆ. ಡಾಕ್ಟರು ನಾಳೆ ಅದೇ ಕಾರಿನಲ್ಲಿ ಬರುತ್ತಾರೆ. ಅವರಿಗೆ ನಿಮ್ಮನ್ನು ಬಾಯಿ ತೆರೆಸಿ ಕೂರಿಸುವ ಆಸೆಯಿದೆ.

ಇಷ್ಟು ದಿನ ನಾನು ಈ ವಿಷಯ ಅಮ್ಮನಿಗೊಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಂಬುತ್ತಿರಲಿಲ್ಲ. ಬಿಟ್ಟುಹೋದ ಗಂಡನ ಮೇಲೆ ಹೊಟ್ಟೆಯುರಿ ಅನ್ನುತ್ತಿದ್ದರು. ನೀವಾಗಿಯೇ, ನಿಮ್ಮ ಕೈಯಾರೆ, ಮೈಕಿನ ಮುಂದೆ ಬಂಪರ್ ಬಿಚ್ಚುವ ದಿನ ಬರಲಿ ಅಂತ ಕಾದೆ. ನೀವು ಅದಕ್ಕೆ ಆಹ್ವಾನ ಪತ್ರಿಕೆಯನ್ನೇ ಅಚ್ಚು ಹಾಕಿಸಿದಿರಿ. ಸೇಡು ತೀರಿಸಿಕೊಳ್ಳಲು ಇಷ್ಟು ಸಹಾಯ ಮಾಡಿದ ಗಂಡ ಬೇರೆ ಯಾರಿಗೂ ಸಿಕ್ಕಿರಲಾರ. ಹೌದು, ಸೇಡೇ. ಬೇರೆ ಹೆಸರಿಟ್ಟು ಅದನ್ನು ಚಂದ ಮಾಡುವ ಇಷ್ಟ ನನಗಿಲ್ಲ. ನೀವು ನನ್ನನ್ನು ಬಿಟ್ಟದ್ದಕ್ಕಲ್ಲ. ನನ್ನ ಕೈಯ ಕೆಲಸವನ್ನು ಏನೂ ಅಲ್ಲ ಅಂದದ್ದಕ್ಕೆ.

ನಿಮ್ಮ ಚಿನ್ನದ ಪಂಪ್ ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ಹಾಳಾಗಿಲ್ಲ, ಹೆದರಬೇಡಿ. ಹಳೆಯ ಬ್ಯಾಟರಿಗೆ ಸಿಕ್ಕಿಸಿ ಅಮ್ಮನ ಹೂಗಿಡಗಳಿಗೆ ನೀರು ಹಾಯಿಸುತ್ತಿದ್ದೇವೆ. ತೆರೆದ ಕೊಳವೆಗೆ ಅದರಷ್ಟು ಒಳ್ಳೆಯ ಪಂಪ್ ಇನ್ನೊಂದಿಲ್ಲ. ಕಳೆದ ಸಲ ಅಮ್ಮನನ್ನು ನೋಡಲು ಬಂದಾಗ ನೀವೇ ದಾಸವಾಳ ಚೆನ್ನಾಗಿ ಬಂದಿದೆ ಅಂದಿರಿ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದದ್ದು ಕೆಮ್ಮಿನಿಂದಲ್ಲ.

ನಾಳೆ ನಾನು ಬರುವುದಿಲ್ಲ. ಶೆಡ್ಡಿನಲ್ಲಿ ಕೆಲಸವಿದೆ.

ಇತಿ,
ನೀರು ಹಾಕುವವಳು

ತಾ.ಕ.: ಈ ಕಾಗದವನ್ನು ಅಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಂಪರ್ ಪೂರ್ತಿ ಕಳಚಿ ಕೆಳಗಿಟ್ಟ ಮೇಲೆಯೇ ಕೊಡಿ ಅಂತ ಹೇಳಿದ್ದೇನೆ. ಹಾಗಾಗಿ ನೀವು ಇದನ್ನು ಓದುವ ಹೊತ್ತಿಗೆ ಕರಿಯ ಪಂಪ್ ಎಲ್ಲರಿಗೂ ಕಂಡಿರುತ್ತದೆ. ಅದರ ಕೆಳಗಿನ ಗಿಳಿಹಸಿರು ತುಂಡೂ ಕಂಡಿರುತ್ತದೆ. ಇದು ಯಾರ ಕೈಕೆಲಸ ಅಂತ ಮಾಸ್ತರರು ಕೇಳಿದರೆ ನೀವು ತಡವರಿಸುವುದು ಬೇಡ. ಅಮ್ಮನ ಚೀಲದಲ್ಲಿ ಇನ್ನೊಂದು ಚಪ್ಪಲಿ ಇದೆ. ಜೋಡಿ ಸರಿಯಿದೆಯೇ ಅಂತ ಮಾಸ್ತರರೇ ಹೋಲಿಸಿ ನೋಡಲಿ. ಚಪ್ಪಲಿಯನ್ನು ಮಾಸ್ತರರ ಕೈಗೆ ಮಾತ್ರ ಕೊಡಬೇಕು, ಬೇರೆ ಯಾವುದಕ್ಕೂ ಬಳಸಬಾರದು ಅಂತ ಅಮ್ಮನಿಂದ ಮಾತು ತೆಗೆದುಕೊಂಡಿದ್ದೇನೆ. ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು.