ನೆಲಕ್ಕಿಳಿಸಿದ ಗಂಟೆ

ರಾಯಚೂರು
ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ, ೨೧೯೩

ನನಗಿಂತ ಮೊದಲು ಬದುಕಿದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ತಿಂಗಳುಗಳ ಹೆಸರು ಬಿಟ್ಟು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಮ್ಮ ವೃತ್ತಿಸಂಘದ ನೂರನೆಯ ಸಮ್ಮೇಳನ ಬರುತ್ತಿದೆ. ಇಂಥ ಸಮ್ಮೇಳನಗಳ ರೂಢಿ ಹಾಕಿಕೊಟ್ಟ ನಿಮಗೆ ಒಂದು ಕೃತಜ್ಞತಾ ಪತ್ರ ಬರೆಯಬೇಕೆಂದು, ಹಿರಿಯಳಾದ ನನ್ನನ್ನು ಕೇಳಿದ್ದಾರೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ‘ವೇದಿಕೆ ನನ್ನನ್ನು ಬೆಳೆಸಿದ ಬಗೆ’. ಕೃತಜ್ಞತೆ ಎಷ್ಟು ಬರುತ್ತದೋ ನೋಡೋಣ.

ನಾನು ನೀಲಾಂಬಿಕೆ ಹೂಗಾರ, ತಂಪುಮನೆಯ ಎಂಜಿನಿಯರ್. ತಂಪುಮನೆ ಎಂದರೆ ನೆಲದಡಿ ಕಟ್ಟಿದ ದೊಡ್ಡ ಹಜಾರ. ಬಿಸಿಲೇರಿದಾಗ ಸೈರನ್ ಕೂಗುತ್ತದೆ. ಓಣಿಯ ಜನವೆಲ್ಲ ಕೆಳಗಿಳಿದು ಸಂಜೆಯವರೆಗೆ ಅಲ್ಲೇ ಇರುತ್ತಾರೆ. ಗಂಡಸರು ಇಸ್ಪೀಟಿಗೆ ಕೂರುತ್ತಾರೆ, ಜಾಗ ಸಿಗದವರು ಸುತ್ತ ನಿಂತು ಸಲಹೆ ಕೊಟ್ಟು ಬೈಸಿಕೊಳ್ಳುತ್ತಾರೆ. ಹೆಂಗಸರು ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚುತ್ತಾರೆ. ಕೂಸುಗಳನ್ನು ಗೋಡೆಯ ಬದಿಗೆ ಕೌದಿಯ ಮೇಲೆ ಮಲಗಿಸುತ್ತಾರೆ. ಗಾಳಿ ಕೆಟ್ಟರೆ ಬಡಿದುಕೊಳ್ಳುವ ಯಂತ್ರವೊಂದಿದೆ, ಅದಕ್ಕೆ ಉಸಿರುಗಂಟೆ ಎನ್ನುತ್ತೇವೆ. ಅದು ಬಡಿದರೆ ಹೊಸಬರನ್ನು ಒಳಗೆ ಬಿಡುವಂತಿಲ್ಲ.

ಒಂದು ಮಧ್ಯಾಹ್ನ ಕೌದಿಯ ಮೇಲಿದ್ದ ಕೂಸೊಂದು ನೀಲಿಗಟ್ಟಿತು. ಗಂಟೆ ಸುಮ್ಮನೇ ಇತ್ತು. ತಾಯಿ ಎತ್ತಿಕೊಂಡು ಮೇಲಕ್ಕೆ ಓಡಿದ್ದರಿಂದ ಅದು ಉಳಿಯಿತು. ಗಂಟೆಗಳನ್ನು ನಿಂತ ಗಂಡಸಿನ ತಲೆಯ ಎತ್ತರಕ್ಕೆ ತೂಗುಹಾಕುವುದು ಮೊದಲಿನಿಂದ ಬಂದ ಪದ್ಧತಿ. ಆದರೆ ನಮ್ಮ ಹಜಾರಗಳಲ್ಲಿ ಕೆಟ್ಟ ಗಾಳಿ ತಣ್ಣಗಾಗಿ ನೆಲಕ್ಕಿಳಿದು, ಗೋಡೆಯ ಬದಿಯಲ್ಲೇ ನಿಲ್ಲುತ್ತಿತ್ತು. ನಾನು ಹಗ್ಗ ಸಡಿಲಿಸಿ ಒಂದು ಗಂಟೆಯನ್ನು ಮಲಗಿದ ಕೂಸಿನ ಮೂಗಿನ ಮಟ್ಟಕ್ಕೆ ತಂದೆ. ಮರುದಿನ ಹಜಾರ ಅರ್ಧ ತುಂಬುವ ಮೊದಲೇ ಅದು ಬಡಿಯಿತು.

ನಮ್ಮ ಮುಖ್ಯಸ್ಥರು ಚನ್ನಮಲ್ಲ ಸರ್. ಸುದ್ದಿ ಕೇಳಿ ಅವರೂ ಹಿಗ್ಗಿದರು. “ಇದನ್ನ ಧಾರವಾಡದ ಸಮ್ಮೇಳನದಾಗ ಹೇಳವ್ವ,” ಎಂದರು. “ಎಷ್ಟ ಕೆಲಸ ಮಾಡಿದ್ರೂ ಇಲ್ಲೇ ಕೊಳೀತಿ. ನಾಕ ಮಂದಿ ಮುಂದ ನಿಂತ ಮಾತಾಡಿದವ್ರೇ ಮ್ಯಾಲ ಹೋಗೋದು.” ನಾನು ನಂಬಿದೆ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಹೊಸ ಸೀರೆಯನ್ನೂ ಉಟ್ಟೆ.

ಸಮ್ಮೇಳನದ ಊಟ, ಚೀಲ, ಎಲ್ಲವೂ ಗಂಟೆ ತಯಾರಿಸುವ ಕಂಪನಿಯದು. ನನ್ನ ಸರದಿ ಕೊನೆಯ ದಿನ, ಊಟವಾದ ಮೇಲೆ. ನಾನು ಮೈಕ್ ಹಿಡಿಯುವಷ್ಟರಲ್ಲಿ ಅರ್ಧ ಸಭೆ ಎದ್ದು ಹೋಗಿತ್ತು. ಆದರೂ ಹೇಳಿದೆ: ಎಲ್ಲ ಊರುಗಳಲ್ಲೂ ಗಂಟೆ ತಪ್ಪು ಜಾಗದಲ್ಲಿದೆ, ಇವತ್ತೇ ಇಳಿಸಿ. ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ, “ಈ ಮಾತ ಹೇಳಾಕ ಕಂಪನಿಯವರ ಒಪ್ಪಿಗಿ ತಗೊಂಡೀರೇನ್ರಿ?”

ಹೊರಗೆ ಬಂದಾಗ ಬಳ್ಳಾರಿ ತಂಪುಮನೆಯ ಜೈಬುನ್ನಿಸಾ ಎಂಬಾಕೆ ಹಿಂದೆಯೇ ಓಡಿಬಂದಳು. “ಅಕ್ಕಾ, ಗೋಡಿ ಕಡಿಗೆ ಕಟ್ಟಿದ್ರೋ, ನಡುವ ಕಟ್ಟಿದ್ರೋ? ಹುಡುಗ್ರು ಕೈಹಾಕಿ ಎಳೀದಂಗ ಏನ್ ಮಾಡಿದ್ರಿ?” ಚಹಾ ಆರುವವರೆಗೆ ಇಬ್ಬರೂ ನೆಲದ ಮೇಲೆ ಕುಳಿತು ಹಗ್ಗ, ಜಾಲರಿಗಳ ಮಾತಾಡಿದೆವು. ಆ ಮೂರು ದಿನಗಳಲ್ಲಿ ನನಗೆ ಸಿಕ್ಕ ಸಭೆ ಎಂದರೆ ಅವಳೊಬ್ಬಳೇ.

ಊರಿಗೆ ಮರಳುವಷ್ಟರಲ್ಲಿ ಕಂಪನಿಯ ದೂರು ಮುಟ್ಟಿತ್ತು. “ಮಾತಾಡಂದ್ರ ಉಣ್ಣಾಕ ಹಾಕಿದವರ ಮರ್ಯಾದಿನೇ ತಗದ ಬಂದ್ಯಲ್ಲವ್ವ,” ಎಂದರು ಚನ್ನಮಲ್ಲ ಸರ್. ನನ್ನನ್ನು ಉಗ್ರಾಣಕ್ಕೆ ಹಾಕಿದರು. ಇಳಿಸಿದ ಗಂಟೆ ಮತ್ತೆ ಮೇಲೇರಿತು.

ಮರುವರ್ಷ ರಜೆ ಹಾಕಿ ಮತ್ತೆ ಹೋದೆ. ಬೆಳಗಿನ ತುಂಬಿದ ಸಭೆಯಲ್ಲಿ, ಅದೇ ವೇದಿಕೆಯ ಮೇಲೆ ಚನ್ನಮಲ್ಲ ಸರ್ ನಿಂತಿದ್ದರು. ಅವರು ಮಾತಾಡಿದ್ದು ‘ನೆಲಗಂಟೆ’ ಎಂಬ ಕಂಪನಿಯ ಹೊಸ ಯಂತ್ರದ ಬಗ್ಗೆ. ಪರದೆಯ ಮೇಲಿದ್ದದ್ದು ನಾನು ತೆಗೆದ ಚಿತ್ರಗಳು, ನಮ್ಮ ಓಣಿಯ ಕೂಸು, ಅದರ ಕೌದಿ. ನಾನು ಎದ್ದು ನಿಂತೆ. “ಸರ್, ಇದನ್ನ ಹ್ವಾದ ವರ್ಷ ಇಲ್ಲೇ ನಾ ಹೇಳಿದ್ದೆ.”

“ಪ್ರಶ್ನೆ ಇದ್ರ ಕೇಳ್ರಿ, ಭಾಷಣ ಬ್ಯಾಡ,” ಎಂದರು ಅಧ್ಯಕ್ಷರು. ಸಭೆ ನಕ್ಕಿತು. ಸರ್ ನೀರು ಕುಡಿದು ಮುಂದುವರಿಸಿದರು. ಆ ಬೇಸಿಗೆಗೇ ಅವರು ಕಂಪನಿಯ ನಿರ್ದೇಶಕರಾದರು.

ಕಂಪನಿ ಎಲ್ಲ ಊರುಗಳಿಗೂ ಸೂಚನೆ ಕಳಿಸಿತು: ಹಳೆಯ ಗಂಟೆಗಳನ್ನು ಕೈಯಾರೆ ಸರಿಸಿದರೆ ನಮ್ಮ ಜವಾಬ್ದಾರಿ ಇಲ್ಲ, ಹೊಸ ಯಂತ್ರ ಬರುವವರೆಗೆ ಕಾಯಿರಿ. ಊರುಗಳು ಕಾದವು. ನದಿಯಾಚೆಯ ಒಂದು ತಂಪುಮನೆಯಲ್ಲಿ, ಗಂಟೆ ನೆತ್ತಿಯ ಮೇಲೆ ಸುಮ್ಮನೆ ತೂಗುತ್ತಿರುವಾಗ, ಒಂದೇ ಮಧ್ಯಾಹ್ನ ಆರು ಕೂಸುಗಳು ಸತ್ತವು. ತಾಯಂದಿರು ಅವು ನಿದ್ದೆ ಮಾಡುತ್ತಿವೆ ಎಂದುಕೊಂಡು ಬೀಸಣಿಗೆ ಬೀಸುತ್ತಲೇ ಇದ್ದರಂತೆ. ಬಳ್ಳಾರಿಯಲ್ಲಿ ಒಂದೂ ಸಾಯಲಿಲ್ಲ. ಜೈಬುನ್ನಿಸಾ ಧಾರವಾಡದಿಂದ ಮರಳಿದ ದಿನವೇ, ಕೈಚೀಲವನ್ನೂ ಇಳಿಸದೆ, ಏಣಿ ತರಿಸಿದ್ದಳಂತೆ. ಅದಕ್ಕಾಗಿ ಅವಳಿಗೆ ನೋಟಿಸು ಬಂತು.

ನಾನು ವೇದಿಕೆಯಿಂದ ಬೆಳೆಯಲಿಲ್ಲ. ನನಗಿಂತ ಮುಂದಿದ್ದವರು ಒಬ್ಬೊಬ್ಬರಾಗಿ ನಿವೃತ್ತರಾದರು. ಉಗ್ರಾಣದಿಂದ ಹೊರಬಂದು ಹಿರಿಯಳೆನಿಸಿಕೊಂಡೆ. ಈಗಿನ ಹುಡುಗಿಯರು ಬಂದು, “ಮೇಡಂ, ಸಮ್ಮೇಳನದಾಗ ಹೆಂಗ ಮಾತಾಡಿದ್ರ ಮ್ಯಾಲ ಬರತೀವಿ?” ಎಂದು ಕೇಳುತ್ತಾರೆ. ಚನ್ನಮಲ್ಲ ಸರ್‌ಗೆ ಅದು ಗೊತ್ತಿತ್ತು, ನನಗೆ ಈಗಲೂ ಗೊತ್ತಿಲ್ಲ.

ಈ ಪದ್ಧತಿ ಕಟ್ಟಿದವರೇ, ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಹೆಣ್ಣೊಬ್ಬಳು ಮಾತಾಡಲು ನಿಂತಾಗ ಕುಳಿತು ಕೇಳಿ. ಅವಳು ಹೇಳಿದ್ದು ನಿಜವೆನಿಸಿದರೆ ಮನೆಗೆ ಹೋಗಿ ಮಾಡಿ. ಅದು ಮಾರಾಟಕ್ಕೆ ಬರುವವರೆಗೆ ಕಾಯಬೇಡಿ. ಈ ಪತ್ರವನ್ನು ಸಂಘದವರು ವೇದಿಕೆಯ ಮೇಲೆ ಓದುವುದಿಲ್ಲ, ಅದು ನನಗೆ ಗೊತ್ತು. ಹಾಗಾಗಿಯೇ ನಿಮಗೆ ನೇರವಾಗಿ ಕಳಿಸುತ್ತಿದ್ದೇನೆ.

ಇನ್ನು ನನಗೆ ಅಪ್ಪಣೆ ಕೊಡಿ.

ನೀಲಾಂಬಿಕೆ