ಅರೆದು ಮುಗಿಯುವವರೆಗೆ

ಹೊಸಬಾಳೆ
೧೪-೧೧-೧೯೯೬

ಬಸಕ್ಕನಿಗೆ ತಂಗಿಯ ನಮಸ್ಕಾರ.

ಶಿಕಾರಿಪುರದಲ್ಲಿ ನಡೆದ ನಾಟಿ ವೈದ್ಯರ ಸಮ್ಮೇಳನಕ್ಕೆ ಹೋಗಿದ್ದೆ. ನಿನ್ನನ್ನೂ ಕರೆದಿದ್ದರಂತೆ. ನನ್ನ ಪಕ್ಕದ ಕುರ್ಚಿಯನ್ನು ನಾನು ಸಂಜೆಯವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ. ಸರ್ಪಸುತ್ತಿನ ಔಷಧದ ಬಗ್ಗೆ ಹೇಳಿ ಎಂದು ಮೈಕು ಕೊಟ್ಟರು. "ನಾನು ಸೊಪ್ಪು ಕೀಳೋಳು ಅಷ್ಟೇ ರೀ, ಅರೆಯೋಳು ನಮ್ಮಕ್ಕ. ಒಬ್ಬಳೇ ಮಾಡಬಾರ್ದು ಅಂತ ಅಮ್ಮ ಹೇಳಿದ್ಳು" ಎಂದು ಕೂತುಬಿಟ್ಟೆ.

ಅಮ್ಮನ ಅರೆಯುವ ಕಲ್ಲಿಗಾಗಿ ಜಗಳವಾಡಿ ನಾವು ಮಾತು ಬಿಟ್ಟು ಆರು ವರ್ಷವಾಯಿತು. ಅಂದಿನಿಂದ ಔಷಧ ಕೇಳಿ ಬಂದವರನ್ನೆಲ್ಲ ವಾಪಸು ಕಳಿಸಿದ್ದೇನೆ. ನೀನೂ ಹಾಗೇ ಕಳಿಸುತ್ತೀಯೆಂದು ನಿಮ್ಮೂರಿನವರು ಅಲ್ಲಿ ಹೇಳಿದರು.

ಕಲ್ಲು ನಿನ್ನಲ್ಲೇ ಇರಲಿ. ಸಮ್ಮೇಳನದಲ್ಲಿ ಸಿಕ್ಕ ಮೇಷ್ಟ್ರೊಬ್ಬರ ತಾಯಿಗೆ ಸರ್ಪಸುತ್ತು ಎದ್ದು ಉರಿ ತಡೆಯಲಾಗುತ್ತಿಲ್ಲ. ಸೋಮವಾರ ಅವರನ್ನು ಉಳವಿಗೆ, ನಿನ್ನ ಮನೆಗೇ ಬರಹೇಳಿದ್ದೇನೆ. ನಾನೂ ಸೊಪ್ಪು ಕಿತ್ತುಕೊಂಡು, ಬಸ್ಸಿನಲ್ಲಿ ಟಿಕೆಟ್ಟಿಗೂ ಬಾಯಿ ಬಿಡದೆ ಬರುತ್ತೇನೆ. ಕಲ್ಲು ತೊಳೆದಿಡು.

ನನ್ನನ್ನು ಮಾತಾಡಿಸಬೇಕೆಂದೇನಿಲ್ಲ. ಅಮ್ಮನ ಕಟ್ಟಳೆಯಂತೆ ಸೊಪ್ಪು ಕಿತ್ತಾಗಿನಿಂದ ಅರೆದು ಮುಗಿಯುವವರೆಗೆ ನಾವಿಬ್ಬರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲವಲ್ಲ.

ಸ್ವಲ್ಪ ಬೇಗ ಅರೆ, ಅಕ್ಕ.

ನಿನ್ನ
ಹಾಲಮ್ಮ