ರಂಕಾಳಾ ಕೆರೆಯ ಭೇಳ

ರವಿವಾರ, ಸೆಪ್ಟೆಂಬರ್ 14. ಶೇಡಬಾಳ.

ಹಸಿವಿನಿಂದ ನಿದ್ದೆ ಬರುತ್ತಿಲ್ಲ. ತಪ್ಪು ನನ್ನದೇ ಎಂಬುದು ಹಸಿವಿಗಿಂತ ಹೆಚ್ಚು ಉರಿಸುತ್ತಿದೆ.

ಹೋದ ತಿಂಗಳು ಬಸದಿಯಲ್ಲಿ ರೂಪಾಲಿ, ದೀಪಾವಳಿಯ ತನಕ ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು ಮುನಿಗಳ ಮುಂದೆ ನೇಮ ಹಿಡಿದಳು. ಅವಳನ್ನು ನಗಿಸಲೆಂದು ನಾನೂ ಪಕ್ಕದಲ್ಲಿ ಕೂತು, ಪರಮ ವೈರಾಗ್ಯದ ಮುಖ ಮಾಡಿ ಕೈಮುಗಿದೆ. ಹೆಂಡತಿ ನಗಲಿಲ್ಲ. ಮುನಿಗಳು ಇಬ್ಬರಿಗೂ ಆಶೀರ್ವಾದ ಮಾಡಿದರು.

ಇವತ್ತು ಕೊಲ್ಹಾಪುರಕ್ಕೆ ಹೋಗಿದ್ದೆವು. ಮದುವೆಯಾದ ಮೇಲೆ ಮೊದಲ ಸುತ್ತಾಟ. ಸಂಜೆ ಕೆರೆ ದಂಡೆಯಲ್ಲಿ ಚುರುಮುರಿಯ ಭೇಳ ತಿನ್ನಬೇಕೆಂದು ಮಧ್ಯಾಹ್ನವೇ ಹೊಟ್ಟೆಗೆ ಅರ್ಧ ರಜೆ ಕೊಟ್ಟಿದ್ದೆ. ಶ್ರೀಮತಿಯವರು ಅರಮನೆಯ ಪ್ರತಿಯೊಂದು ಕತ್ತಿಯ ಮುಂದೂ ನಿಂತರು. ಆಮೇಲೆ ಚಪ್ಪಲಿ ಅಂಗಡಿಗಳು. ರಂಕಾಳಾ ಕೆರೆಗೆ ಬಂದು, ಉಳ್ಳಾಗಡ್ಡಿ ಇಲ್ಲದ ಭೇಳ ಕೈಗೆ ಸಿಗುವಷ್ಟರಲ್ಲಿ ಸೂರ್ಯ ಮುಳುಗಿದ. ರೂಪಾಲಿ ಅದನ್ನು ಕಟ್ಟಿಸಿಬಿಟ್ಟಳು.

"ಒಂದ ತುತ್ತ ತಿಂದ್ರ ಏನಾಗತೈತಿ? ಆವತ್ತ ನಾ..." ಚೇಷ್ಟೆ ಮಾಡಿದ್ದೆ ಎನ್ನಲು ಬಾಯಿ ತೆರೆದಿದ್ದೆ.

"ಆವತ್ತ ನೀವು ಬಾಜೂಕ ಬಂದ ಕುಂತ್ರಲ್ರಿ, ನನಗ ಅಳುನ ಬಂದಿತ್ತು. ಹೊಸ ಮನ್ಯಾಗ ಒಬ್ಬಾಕಿನ ಹೆಂಗ ನೇಮ ನಡಸಲಿ ಅಂತ ಅಂಜಿದ್ದೆ."

ಪೊಟ್ಟಣವನ್ನು ಅವಳ ಕೈಯಿಂದ ತೆಗೆದುಕೊಂಡು ನಾನೇ ಚೀಲಕ್ಕೆ ಹಾಕಿದೆ.

ಭೇಳದ ಪೊಟ್ಟಣ ಅಡುಗೆಮನೆಯಲ್ಲಿ ಮೆತ್ತಗಾಗುತ್ತಿದೆ. ಹುಣಸೆಹುಳಿಯ ವಾಸನೆ ಹಾಸಿಗೆಯ ತನಕ ಬರುತ್ತಿದೆ. ಈಗಷ್ಟೇ ಅವಳು ಮಗ್ಗಲು ಬದಲಿಸಿ, "ಹಸಿವ್ಯಾಗೇತೇನ್ರಿ?" ಎಂದು ಕೇಳಿದಳು.

"ಛೇ, ಹೊಟ್ಟಿ ತುಂಬೈತಿ," ಎಂದೆ, ಬಸದಿಯ ಮುಖವನ್ನೇ ಹಾಕಿಕೊಂಡು. ಅಷ್ಟರಲ್ಲಿ ಹೊಟ್ಟೆ ದೊಡ್ಡದಾಗಿ ಗುರ್ರೆಂದಿತು.

ನಕ್ಕಳು. ಹೋದ ತಿಂಗಳು ಬರಬೇಕಾಗಿದ್ದ ನಗು. ಇನ್ನು ದೀಪಾವಳಿಯ ತನಕ ನಾನೂ ಸೂರ್ಯ ಮುಳುಗುವ ಮೊದಲೇ ಉಣ್ಣುವವನು; ಈ ಸಲ ಚೇಷ್ಟೆಗಲ್ಲ.